ಕ್ರಿಯಾಟಿನಿನ್ 1.42: ಕಿಲೋಗೆ ಮೂರು ಗ್ರಾಂ ಪ್ರೋಟೀನ್ ತಿನ್ನುತ್ತಿದ್ದ ಯುವಕನ ಪ್ರಕರಣ

ಕಳೆದ ವರ್ಷ ಆಷಾಢದ ಒಂದು ಬೆಳಿಗ್ಗೆ 26 ವರ್ಷದ ಯುವಕನೊಬ್ಬ ತಾಯಿಯ ಜೊತೆ ಮೈಸೂರಿನಲ್ಲಿ ನಾನು ನಡೆಸುವ ಆಹಾರ ಸಲಹಾ ಕೇಂದ್ರಕ್ಕೆ ಬಂದ. ಅವನ ಕೈಯಲ್ಲಿದ್ದ ರಕ್ತಪರೀಕ್ಷೆಯ ವರದಿಯಲ್ಲಿ ಸೀರಮ್ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ; ಅದು ಹೆಚ್ಚಿದ್ದರೆ ಕಿಡ್ನಿಯ ಮೇಲೆ ಅನುಮಾನ) 1.42 ಎಂಬ ಅಂಕಿಯ ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. ಕಚೇರಿಯವರು ಮಾಡಿಸಿದ ವಾರ್ಷಿಕ ತಪಾಸಣೆಯಲ್ಲಿ ಅದು ಹೊರಬಿದ್ದಿತ್ತು. ವರದಿ ನೋಡಿದ ವೈದ್ಯರೊಬ್ಬರು ಪ್ರೋಟೀನ್ ಪುಡಿ ತಿಂದು ಕಿಡ್ನಿ ಕೆಡಿಸಿಕೊಂಡಿದ್ದೀಯೆ, ಇವತ್ತಿನಿಂದಲೇ ಜಿಮ್ ಬಿಡು ಎಂದಿದ್ದರು. ಜಿಮ್ಮಿನ ತರಬೇತುದಾರರು ಡಾಕ್ಟರುಗಳು ಹೇಳುವುದೇ ಹಾಗೆ, ದಿನಕ್ಕೆ ಮೈತೂಕದ ಕಿಲೋಗೆ ಮೂರು ಗ್ರಾಂ ಪ್ರೋಟೀನ್ ತಿನ್ನದೆ ಮೈ ಕಟ್ಟುವುದಿಲ್ಲ ಎಂದಿದ್ದರು. ಯಾರ ಮಾತು ಹಿಡಿಯಬೇಕೆಂದು ತೋಚದೆ ಮಗ ತಲೆ ತಗ್ಗಿಸಿ ಕುಳಿತಿದ್ದ. ತಾಯಿಗೆ ಮಾತ್ರ ಅಂಥ ಸಂದೇಹವಿರಲಿಲ್ಲ. “ಇವ್ನ ಸೋದರಮಾವಂಗೂ ಹಿಂಗೇ ಸುರುವಾಗಿದ್ದು ಕಣಮ್ಮ. ಮೊದ್ಲು ರಕ್ತದಲ್ಲಿ ಏನೋ ಜಾಸ್ತಿ ಅಯ್ತೆ ಅಂದ್ರು, ಆಮೇಕೆ ವಾರಕ್ಕೆರಡು ಸಲ ಡಯಾಲಿಸಿಸ್ಸು,” ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈ ಪ್ರಕರಣವನ್ನು ಅವನ ಸಮ್ಮತಿ ಪಡೆದು, ಗುರುತು ಹತ್ತುವ ವಿವರಗಳನ್ನು ಕೈಬಿಟ್ಟು ಬರೆಯುತ್ತಿದ್ದೇನೆ. ಸ್ನಾಯು ಬೆಳೆಸಲು ಹೊರಟವರು ದಿನಕ್ಕೆ ಎಷ್ಟು ಪ್ರೋಟೀನ್ ತಿಂದರೆ ಅಪಾಯವಿಲ್ಲ ಎಂಬ ಪ್ರಶ್ನೆ ನನ್ನ ಮುಂದೆ ವಾರಕ್ಕೆ ನಾಲ್ಕು ಬಾರಿಯಾದರೂ ಬರುತ್ತದೆ. ಕೇಳುವವರಿಗೆ ಬೇಕಿರುವುದು ಒಂದು ಅಂಕಿ. ಅಂಕಿಯನ್ನು ಕೊಡಬಹುದು, ಕೊಡುತ್ತೇನೆ ಕೂಡ. ಆದರೆ ಎದುರಿಗೆ ಕುಳಿತವರ ಹಿಂದಿನ ಆರೋಗ್ಯವನ್ನು ವಿಚಾರಿಸದೆ ಕೊಟ್ಟ ಅಂಕಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಸಿಕ್ಕಿಲ್ಲ.

ಅವನ ತೂಕ 74 ಕಿಲೋ, ಎತ್ತರ 172 ಸೆಂಟಿಮೀಟರ್, ರಕ್ತದೊತ್ತಡ 126/80, ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 5.4. ಎರಡೂವರೆ ವರ್ಷದಿಂದ ವಾರಕ್ಕೆ ಐದು ದಿನ ತಪ್ಪದೆ ಭಾರ ಎತ್ತುತ್ತಿದ್ದ. ಕಿಲೋಗೆ ಮೂರು ಗ್ರಾಮಿನ ಲೆಕ್ಕ ಹಿಡಿದು ಎಂಟು ತಿಂಗಳಾಗಿತ್ತು. ಮೂರು ದಿನ ತಿಂದದ್ದನ್ನೆಲ್ಲ ಅಳೆದು ಬರೆದುಕೊಂಡು ಬರಲು ಹೇಳಿದೆ. ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿಯನ್ನೇ ಕೊಂಡು ಶ್ರದ್ಧೆಯಿಂದ ಬರೆದು ತಂದ. ಜಿಮ್ ಮುಗಿಸಿದ ಕೂಡಲೇ ನೀರಿನಲ್ಲಿ ಕದಡಿದ ಎರಡು ಸ್ಕೂಪ್ ವೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್), ತಿಂಡಿಗೆ ಎರಡು ಇಡೀ ಮೊಟ್ಟೆ ಮತ್ತು ಎಂಟು ಮೊಟ್ಟೆಯ ಬಿಳಿ, ಮಧ್ಯಾಹ್ನ ಕಾಲು ಕಿಲೋ ಕೋಳಿಯ ಎದೆಮಾಂಸ ಮತ್ತು ಒಂದು ಹಿಡಿ ಅನ್ನ, ಸಂಜೆ ಮತ್ತೊಂದು ಸ್ಕೂಪ್, ರಾತ್ರಿ ಮತ್ತೆ ಕಾಲು ಕಿಲೋ ಕೋಳಿ ಮತ್ತು ಎರಡು ಚಪಾತಿ, ಇವುಗಳ ಜೊತೆಗೆ ಭಾರ ಎತ್ತುವ ಶಕ್ತಿಗೆಂದು ಜಿಮ್ಮಿನವರು ತಿನ್ನುವ ಕ್ರಿಯಾಟಿನ್ ಪುಡಿ ದಿನಕ್ಕೆ 5 ಗ್ರಾಂ. ಎಲ್ಲ ಕೂಡಿಸಿದರೆ ಪ್ರೋಟೀನ್ ಸುಮಾರು 225 ಗ್ರಾಂ, ಶಕ್ತಿ 2,000 ಕಿಲೋಕ್ಯಾಲೊರಿ, ನಾರು 12 ಗ್ರಾಂ. ಪುಡಿಯ ಖರ್ಚೊಂದೇ ತಿಂಗಳಿಗೆ 9 ಸಾವಿರ ರೂಪಾಯಿ ದಾಟುತ್ತಿತ್ತು. ಮನೆಯಲ್ಲಿ ತಾಯಿ ದಿನವೂ ಮುದ್ದೆ ಕಟ್ಟುತ್ತಿದ್ದರೂ ಅವನು ಎಂಟು ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ.

ಇಷ್ಟು ಮಾಡಿಯೂ ನಾಲ್ಕು ತಿಂಗಳಿಂದ ತೂಕ ಅಲುಗಾಡಿರಲಿಲ್ಲ. ಹೆಗಲ ಮೇಲೆ ಭಾರ ಹೊತ್ತು ಕುಕ್ಕರಿಸಿ ಏಳುವ ಸ್ಕ್ವಾಟ್‌ನಲ್ಲಿ 90 ಕಿಲೋ ದಾಟಲು ಆಗುತ್ತಿರಲಿಲ್ಲ. ಅವನ ಪುಸ್ತಕ ನೋಡಿದಾಗ ನನ್ನ ಗಮನ ಮೊದಲು ಹೋದದ್ದು ಕ್ರಿಯಾಟಿನಿನ್ ಕಡೆಗಲ್ಲ, ಈ ನಿಂತ ತೂಕದ ಕಡೆಗೆ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರು. ಪ್ರೋಟೀನ್ ಇರುವುದು ಐದರಲ್ಲಿ ಒಂದು ಭಾಗದಷ್ಟು. ತಿಂಗಳಿಗೆ ಅರ್ಧ ಕಿಲೋ ಸ್ನಾಯು ಬೆಳೆಯಿತೆಂದೇ ಇಟ್ಟುಕೊಂಡರೂ ಅದರಲ್ಲಿ ಸೇರಿದ ಪ್ರೋಟೀನ್ ಸುಮಾರು 100 ಗ್ರಾಂ, ಅಂದರೆ ದಿನಕ್ಕೆ ಮೂರೂಕಾಲು ಗ್ರಾಂ. ಹಳೆಯ ಸ್ನಾಯು ಸವೆಯುತ್ತ ಹೊಸದು ಕಟ್ಟುತ್ತ ಇರುವ ಕೆಲಸಕ್ಕೆ, ವ್ಯಾಯಾಮದಿಂದ ಹರಿದ ಎಳೆಗಳ ದುರಸ್ತಿಗೆ, ಜೀರ್ಣದಲ್ಲಿ ಆಗುವ ನಷ್ಟಕ್ಕೆ ಇದಕ್ಕಿಂತ ಬಹಳ ಹೆಚ್ಚು ಬೇಕು, ನಿಜ. ಆದರೂ 225 ಗ್ರಾಮಿಗೆ ದೇಹದಲ್ಲಿ ಅಷ್ಟು ಕೆಲಸವಿಲ್ಲ. ಪ್ರೋಟೀನನ್ನು ಕೊಬ್ಬಿನಂತೆ ಕೂಡಿಡುವ ಕಣಜ ನಮ್ಮ ಮೈಯಲ್ಲಿಲ್ಲವಾದ್ದರಿಂದ, ಮಿಕ್ಕದ್ದನ್ನು ಯಕೃತ್ತು ಒಡೆದು, ಸಾರಜನಕವನ್ನು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸಿ, ಉಳಿದ ಭಾಗವನ್ನು ಸೌದೆಯಂತೆ ಉರಿಸುತ್ತದೆ. ಪ್ರೋಟೀನಿನ ತೂಕದಲ್ಲಿ ಶೇ. 16ರಷ್ಟು ಸಾರಜನಕ, ಅವನ ಲೆಕ್ಕದಲ್ಲಿ ದಿನಕ್ಕೆ 36 ಗ್ರಾಂ ಸಾರಜನಕ ಒಳಗೆ ಹೋಗಿ, 60 ಗ್ರಾಮಿಗೂ ಮೀರಿದ ಯೂರಿಯಾ ಮೂತ್ರದಲ್ಲಿ ಹೊರಗೆ ಬರುತ್ತಿತ್ತು. ದುಬಾರಿ ಪುಡಿಯನ್ನು ಅವನ ದೇಹ ಅನ್ನದ ಬದಲಿಗೆ ಉರಿಸುತ್ತಿತ್ತು, ಏಕೆಂದರೆ ಅವನು ಅನ್ನವನ್ನು ಒಂದು ಹಿಡಿಗೆ ಇಳಿಸಿದ್ದ.

ಹಾಗಾದರೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಸಾಮಾನ್ಯ ವಯಸ್ಕರಿಗೆ ನಿಗದಿಪಡಿಸಿದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ. ಇದು ಭಾರ ಎತ್ತದ ಆರೋಗ್ಯವಂತರ ಅಗತ್ಯಕ್ಕೆ ಹಾಕಿದ ಲೆಕ್ಕವೇ ಹೊರತು ಅಪಾಯದ ಗಡಿಯಲ್ಲ. ಇದನ್ನೇ ಗರಿಷ್ಠ ಮಿತಿಯೆಂದು ತಿಳಿದು ಹುಡುಗರನ್ನು ಹೆದರಿಸುವವರನ್ನು ನಾನು ಬಹಳ ಕಂಡಿದ್ದೇನೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸ್ಟುವರ್ಟ್ ಫಿಲಿಪ್ಸ್ ಮತ್ತು ಜೊತೆಗಾರರು ಭಾರ ಎತ್ತುವ ತರಬೇತಿಯ 49 ಪ್ರಯೋಗಗಳನ್ನು, ಒಟ್ಟು 1,863 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಕಿಲೋಗೆ 1.6 ಗ್ರಾಮಿನವರೆಗೆ ಪ್ರೋಟೀನ್ ಹೆಚ್ಚಿದಂತೆ ಸ್ನಾಯುವಿನ ಗಳಿಕೆಯೂ ಹೆಚ್ಚುತ್ತದೆ, ಅಲ್ಲಿಂದ ಮುಂದೆ ಗೆರೆ ಮಟ್ಟಸವಾಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಅಂತರವನ್ನು ಗಣಿಸಿದರೆ ಈ ತಿರುವು 2.2ರವರೆಗೂ ಇರಬಹುದೆಂದು ಅವರ ಲೆಕ್ಕವೇ ತೋರಿಸಿತು. ಕ್ರೀಡಾ ಪೋಷಣೆಯ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಹೇಳಿದ್ದು 1.4ರಿಂದ 2.0. ನಮ್ಮ ಪೋಷಣ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಇದೇ 1.6ರ ಮಿತಿಯನ್ನು ಉಲ್ಲೇಖಿಸಿ, ಮೈ ಬೆಳೆಸಲು ಪುಡಿ ಬೇಡವೆಂದು ನೇರವಾಗಿಯೇ ಹೇಳಿದೆ.

ಮೂರು ಗ್ರಾಂ ವಿಷವೇ ಎಂದು ತಾಯಿ ಕೇಳಿದರು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆರೋಗ್ಯವಂತರಲ್ಲಿ ಹಾಗೆನ್ನಲು ಆಧಾರವಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಹೊಸೆ ಆಂಟೋನಿಯೊ ಅವರ ತಂಡ, ಪಳಗಿದ ವ್ಯಾಯಾಮಪಟುಗಳಿಗೆ ಎಂಟು ವಾರ ಕಿಲೋಗೆ 4.4 ಗ್ರಾಂ ತಿನ್ನಿಸಿ ನೋಡಿತು. ಮುಂದೆ 14 ಪುರುಷರನ್ನು ಒಂದು ವರ್ಷ ಗಮನಿಸಿದ ಅಧ್ಯಯನದಲ್ಲಿ ಹೆಚ್ಚು ಪ್ರೋಟೀನ್ ತಿಂದ ಅವಧಿಯಲ್ಲಿ ಅವರ ಸೇವನೆ ಮೂರು ಗ್ರಾಮಿನ ಆಸುಪಾಸಿನಲ್ಲಿತ್ತು. ಕಿಡ್ನಿಯ, ಯಕೃತ್ತಿನ, ಕೊಬ್ಬಿನ ಪರೀಕ್ಷೆಗಳಲ್ಲಿ ಕೆಡುಕು ಕಾಣಲಿಲ್ಲ. ಆದರೆ ಹದಿನಾಲ್ಕು ಜನ, ಒಂದು ವರ್ಷ. ಇಪ್ಪತ್ತು ವರ್ಷ ಹಾಗೆಯೇ ತಿಂದವರ ಗತಿಯನ್ನು ಇದು ಹೇಳಲಾರದು. ಮೆಕ್‌ಮಾಸ್ಟರ್‌ನವರೇ 28 ಪ್ರಯೋಗಗಳ 1,358 ಜನರನ್ನು ಸೇರಿಸಿ ನೋಡಿದಾಗಲೂ, ಆರೋಗ್ಯವಂತರಲ್ಲಿ ಹೆಚ್ಚು ಪ್ರೋಟೀನ್ ಕಿಡ್ನಿಯ ಸೋಸುವ ಶಕ್ತಿಯನ್ನು ಇಳಿಸಿದ್ದು ಕಾಣಲಿಲ್ಲ. ಹೆಚ್ಚು ಪ್ರೋಟೀನ್ ಬಂದಾಗ ಕಿಡ್ನಿ ಹೆಚ್ಚು ವೇಗವಾಗಿ ಸೋಸುತ್ತದೆ. ಗಟ್ಟಿಯಾದ ಕಿಡ್ನಿ ಅದನ್ನು ತಾಳಿಕೊಳ್ಳುತ್ತದೆ. ಮೊದಲೇ ಸೋತ ಕಿಡ್ನಿಯ ಕಥೆ ಬೇರೆ. ಅಮೆರಿಕದ 1,624 ದಾದಿಯರನ್ನು ಹನ್ನೊಂದು ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಡ್ನಿ ಸರಿಯಿದ್ದವರಿಗೆ ಪ್ರೋಟೀನಿನಿಂದ ತೊಂದರೆಯಾಗಲಿಲ್ಲ. ಸ್ವಲ್ಪ ಕುಂದಿದ್ದವರಲ್ಲಿ ಮಾತ್ರ, ವಿಶೇಷವಾಗಿ ಹಾಲಿನದಲ್ಲದ ಪ್ರಾಣಿಜನ್ಯ ಪ್ರೋಟೀನ್ ಹೆಚ್ಚು ತಿಂದವರಲ್ಲಿ, ಕಿಡ್ನಿಯ ಸೋಸುವ ಶಕ್ತಿ ಬೇಗ ಕುಸಿಯಿತು. ದೀರ್ಘಕಾಲದ ಕಿಡ್ನಿ ಕಾಯಿಲೆ ಮುಂದುವರಿಯುವ ಸಂಭವವಿರುವವರು ದಿನಕ್ಕೆ ಕಿಲೋಗೆ 1.3 ಗ್ರಾಂ ಮೀರಬಾರದೆಂದು 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಆದ್ದರಿಂದ ಮೊದಲು ತೀರ್ಮಾನವಾಗಬೇಕಿದ್ದದ್ದು ಇವನ ಕಿಡ್ನಿ ಯಾವ ಗುಂಪಿಗೆ ಸೇರಿದ್ದು ಎಂಬುದು. 1.42 ಎಂಬ ಅಂಕಿಯನ್ನು ಸೂತ್ರಕ್ಕೆ ಹಾಕಿದರೆ ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 70 ಮಿಲಿಲೀಟರ್ ಬರುತ್ತದೆ, 26ರ ವಯಸ್ಸಿಗೆ ಅದು ಕಡಿಮೆಯೇ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸ್ನಾಯು ಹೆಚ್ಚಿದ್ದವರಲ್ಲಿ ಅದು ಸಹಜವಾಗಿಯೇ ಹೆಚ್ಚು. ಬೇಯಿಸಿದ ಮಾಂಸ ತಿಂದ ಕೆಲವು ಗಂಟೆ ಇನ್ನೂ ಹೆಚ್ಚು. ಕ್ರಿಯಾಟಿನ್ ಪುಡಿ ತಿನ್ನುವವರಲ್ಲಿ ಕಿಡ್ನಿಗೆ ಏನೂ ಆಗದೆಯೂ ಏರುತ್ತದೆ, ಏಕೆಂದರೆ ಕ್ರಿಯಾಟಿನ್ನೇ ಒಡೆದು ಕ್ರಿಯಾಟಿನಿನ್ ಆಗುವುದು. ತಪಾಸಣೆಯ ದಿನ ಇವನು ಏನು ಮಾಡಿದ್ದನೆಂದು ಕೇಳಿದೆ. ಹಿಂದಿನ ಸಂಜೆ ಕಾಲಿನ ವ್ಯಾಯಾಮ, ರಾತ್ರಿ ಕೋಳಿ, ಬೆಳಿಗ್ಗೆ ಕ್ರಿಯಾಟಿನ್ ಕುಡಿದು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಿದ್ದ. ಕಿಡ್ನಿ ತಜ್ಞ ವೈದ್ಯರೊಬ್ಬರ ಜೊತೆ ಮಾತಾಡಿ, ಮೂರು ವಾರ ಕ್ರಿಯಾಟಿನ್ ನಿಲ್ಲಿಸಿ, ಎರಡು ದಿನ ಜಿಮ್ಮಿಗೆ ಬಿಡುವು ಕೊಟ್ಟು, ಹಿಂದಿನ ದಿನ ಮಾಂಸ ಬಿಡಿಸಿ ಮತ್ತೆ ಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ 1.16ಕ್ಕೆ ಇಳಿಯಿತು. ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸದ, ಕಿಡ್ನಿಯ ಇನ್ನೊಂದು ರಕ್ತಪರೀಕ್ಷೆಯಾದ ಸಿಸ್ಟಾಟಿನ್ ಸಿ 0.82 ಇತ್ತು, ಅದರಿಂದ ಲೆಕ್ಕ ಹಾಕಿದ ಸೋಸುವ ಪ್ರಮಾಣ 116. ಕಿಡ್ನಿ ಕೆಟ್ಟಾಗ ಮೂತ್ರಕ್ಕೆ ಸೋರುವ ಅಲ್ಬುಮಿನ್ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 9 ಮಿಲಿಗ್ರಾಂ. 30ರ ಒಳಗಿದ್ದರೆ ಸರಿ. ಕಿಡ್ನಿ ಚೆನ್ನಾಗಿಯೇ ಇತ್ತು. ಸೋದರಮಾವನ ಕಿಡ್ನಿ ಸೋತದ್ದು ಹದಿನೈದು ವರ್ಷ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಿಂದ ಎಂಬುದೂ ಆಗಲೇ ತಿಳಿಯಿತು. ತಾಯಿಗೆ ಇದನ್ನು ವಿವರಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಗಾಗಿ ನನಗೆ ಸಂತೋಷವಿದೆ. ಅಂದು ಆತುರದಲ್ಲಿ ಅವರನ್ನು ಕಳಿಸಿಬಿಟ್ಟಿದ್ದರೆ ಮುಖ್ಯವಾದ ಸಂಗತಿ ಹೊರಬರುತ್ತಲೇ ಇರಲಿಲ್ಲ.

ದಿನಕ್ಕೆ ಎಷ್ಟು ನೀರು ಕುಡಿಯುತ್ತೀಯ ಎಂದು ಮಗನನ್ನು ಕೇಳಿದೆ. ಒಂದು ಲೀಟರಿನ ಬಾಟಲಿ, ಕೆಲವು ದಿನ ಅದೂ ಪೂರ್ತಿ ಖಾಲಿಯಾಗುವುದಿಲ್ಲ ಮೇಡಂ ಎಂದ. ಪಕ್ಕದಲ್ಲಿದ್ದ ತಾಯಿ ಸಿಟ್ಟಿನಿಂದ, “ಆವಾಗ್ಲೂ ಇದನ್ನೇ ಬಡ್ಕೊಂಡೆ. ಮೂರು ತಿಂಗ್ಳು ಬಾಳೆದಿಂಡಿನ ರಸ ಹಿಂಡಿ ಕುಡ್ಸಿದ್ದು ಮರ್ತೋಯ್ತಾ?” ಎಂದರು. ಬಾಳೆದಿಂಡಿನ ರಸ ಯಾತಕ್ಕೆ ಎಂದು ಕೇಳಿದಾಗ ಗೊತ್ತಾಯಿತು: ಮೂರು ವರ್ಷದ ಹಿಂದೆ, ಜಿಮ್ ಸೇರುವ ಮೊದಲು, ಅವನಿಗೆ ಕಿಡ್ನಿಯಲ್ಲಿ ಕಲ್ಲಾಗಿ, ಪಕ್ಕೆನೋವಿನಿಂದ ಒಂದು ರಾತ್ರಿ ನೆಲದ ಮೇಲೆ ಹೊರಳಾಡಿ, ಮರುದಿನ ಆಸ್ಪತ್ರೆ ಸೇರಿದ್ದ, ಕಲ್ಲು ತಾನಾಗಿ ಹೊರಬಿದ್ದಿತ್ತು. ತರಬೇತುದಾರರಿಗೆ ಇದನ್ನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಕೆಂಪು ಗೆರೆ ಎಳೆದವರೂ ಕೇಳಿರಲಿಲ್ಲ. ಮೊದಲ ಭೇಟಿಯಲ್ಲಿ ನಾನೂ ಕೇಳಿರಲಿಲ್ಲ. ನನ್ನ ಪ್ರಶ್ನೆಪಟ್ಟಿಯಲ್ಲಿ ಸಕ್ಕರೆ, ಬಿಪಿ, ಥೈರಾಯ್ಡ್ ಇದ್ದವು, ಕಲ್ಲು ಇರಲಿಲ್ಲ. ಆ ಕೊರತೆಯನ್ನು ಅಂದೇ ಸರಿಪಡಿಸಿದೆ.

ಇದರಿಂದ ಪ್ರಕರಣದ ದಿಕ್ಕೇ ಬದಲಾಯಿತು. ಪ್ರಾಣಿಜನ್ಯ ಪ್ರೋಟೀನಿನಲ್ಲಿ ಗಂಧಕವಿರುವ ಅಮೈನೋ ಆಮ್ಲಗಳು ಹೆಚ್ಚು. ಅವು ಉರಿದಾಗ ದೇಹದಲ್ಲಿ ಆಮ್ಲ ಹೆಚ್ಚುತ್ತದೆ. ಆಮ್ಲದ ಹೊರೆಗೆ ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ ಇಳಿಯುತ್ತದೆ. ಮಾಂಸದಿಂದ ಯೂರಿಕ್ ಆಮ್ಲವೂ ಹೆಚ್ಚುತ್ತದೆ. ಕಲ್ಲಿನ ಪ್ರವೃತ್ತಿ ಇಲ್ಲದವರಲ್ಲಿ ಇದೆಲ್ಲ ನಡೆದೂ ಏನೂ ಆಗದಿರಬಹುದು. ಇವನ 24 ಗಂಟೆಗಳ ಮೂತ್ರವನ್ನು ಶೇಖರಿಸಿ ಪರೀಕ್ಷಿಸಿದಾಗ ಒಟ್ಟು ಪ್ರಮಾಣ 1.2 ಲೀಟರ್ ಮಾತ್ರ ಇತ್ತು. ಕ್ಯಾಲ್ಸಿಯಂ 310 ಮಿಲಿಗ್ರಾಂ, ಯೂರಿಕ್ ಆಮ್ಲ 890 ಮಿಲಿಗ್ರಾಂ, ಇವೆರಡೂ ಹೆಚ್ಚು. ಸಿಟ್ರೇಟ್ 240 ಮಿಲಿಗ್ರಾಂ, ಇದು ಕಡಿಮೆ. ಸ್ಕ್ಯಾನಿಂಗ್‌ನಲ್ಲಿ ಎಡ ಕಿಡ್ನಿಯಲ್ಲಿ 4 ಮಿಲಿಮೀಟರಿನ ಹೊಸ ಕಲ್ಲು ಕಂಡಿತು. ಎಲ್ಲರೂ ಹೆದರಿದ್ದ ಅಂಕಿ ನಿರಪರಾಧಿಯಾಗಿತ್ತು. ಯಾರೂ ಕೇಳದಿದ್ದ ಹಳೆಯ ನೋವು ಸದ್ದಿಲ್ಲದೆ ಮರಳಿ ಬರುತ್ತಿತ್ತು.

ಈ ವಿಷಯದಲ್ಲಿ ಆಹಾರದಿಂದ ಏನು ಸಾಧ್ಯ ಎಂಬುದಕ್ಕೆ ಇಟಲಿಯ ಪಾರ್ಮಾದ ವೈದ್ಯರು 2002ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಬಹಳವಾಗಿ ನೆಚ್ಚುತ್ತೇನೆ. ಪದೇಪದೇ ಕ್ಯಾಲ್ಸಿಯಂ ಆಕ್ಸಲೇಟ್ (ಪಾಲಕ್‌ನಂಥ ಆಹಾರದಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಸೇರಿ ಆಗುವ) ಕಲ್ಲಾಗುತ್ತಿದ್ದ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ 120 ಪುರುಷರಲ್ಲಿ ಅರ್ಧ ಜನರಿಗೆ ಹಾಲು ಮೊಸರು ಕಡಿಮೆ ಮಾಡಿಸಿದರು; ಉಳಿದ ಅರ್ಧಕ್ಕೆ ಹಾಲನ್ನು ಎಂದಿನಂತೆ ಬಿಟ್ಟು ಮಾಂಸ ಮತ್ತು ಉಪ್ಪು ಇಳಿಸಿದರು. ಐದು ವರ್ಷದಲ್ಲಿ ಮೊದಲ ಗುಂಪಿನ 23 ಜನರಿಗೆ ಮತ್ತೆ ಕಲ್ಲಾಯಿತು, ಎರಡನೆಯ ಗುಂಪಿನಲ್ಲಿ 12 ಜನರಿಗೆ. ಕಲ್ಲಾದವರು ಹಾಲು ಬಿಡಬೇಕೆಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಬಲವಾಗಿದೆ. ಊಟದ ಜೊತೆ ಬಂದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅವನ ಪುಡಿಯ ಡಬ್ಬಿಯನ್ನೂ ತರಿಸಿ ನೋಡಿದೆ. ವಿದೇಶಿ ಎಂದು ಹೇಳಿ ಮಾರಿದ ಆ ಡಬ್ಬಿಯ ಮೇಲೆ ಆಮದುದಾರರ ಚೀಟಿಯಾಗಲಿ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆಯಾಗಲಿ ಇರಲಿಲ್ಲ. ಬಾಯಿಯ ಮೊಹರಿನ ಅಂಚಿನಲ್ಲಿ ಎರಡನೆಯ ಬಾರಿ ಹಚ್ಚಿದ ಅಂಟು ಬೆರಳಿಗೆ ತಾಗುತ್ತಿತ್ತು. ನಮ್ಮ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 70ರಷ್ಟು ಪುಡಿಗಳ ಪ್ರೋಟೀನ್ ಪ್ರಮಾಣ ಚೀಟಿಗೆ ಹೊಂದಿರಲಿಲ್ಲ, ಶೇ. 14ರಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಇತ್ತು. ಪ್ರೋಟೀನ್ ಎಷ್ಟು ಸುರಕ್ಷಿತ ಎಂದು ಕೇಳುವಾಗ ಡಬ್ಬಿಯಲ್ಲಿರುವುದು ಪ್ರೋಟೀನೇ ಎಂದು ನಾವು ಒಪ್ಪಿಕೊಂಡುಬಿಟ್ಟಿರುತ್ತೇವೆ. ಆ ಡಬ್ಬಿಯನ್ನು ಎಸೆಯಲು ಹೇಳಿದೆ.

ಹೊಸ ಯೋಜನೆಯಲ್ಲಿ ಗುರಿ ದಿನಕ್ಕೆ 115ರಿಂದ 120 ಗ್ರಾಂ, ಅಂದರೆ ಕಿಲೋಗೆ 1.6. ಅದಕ್ಕಿಂತ ಮುಖ್ಯವಾದದ್ದು ಶಕ್ತಿಯನ್ನು 2,600 ಕಿಲೋಕ್ಯಾಲೊರಿಗೆ ಏರಿಸಿದ್ದು. ಮೈಸೂರಿನ ಗರಡಿಮನೆಗಳ ಪೈಲ್ವಾನರು ಹಾಲು, ಬಾದಾಮಿ, ತುಪ್ಪ ಎನ್ನುತ್ತಿದ್ದುದರಲ್ಲಿ ಪ್ರೋಟೀನಿಗಿಂತ ಶಕ್ತಿಯೇ ಹೆಚ್ಚು. ಸಾಮು ತೆಗೆಯುವ ಮೈಗೆ ಮೊದಲು ಉರಿಯಲು ಏನಾದರೂ ಬೇಕೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು. ಬೆಳಿಗ್ಗೆ ವ್ಯಾಯಾಮದ ನಂತರ ಪರವಾನಗಿಯುಳ್ಳ ಪುಡಿಯ ಒಂದೇ ಸ್ಕೂಪ್ ಕಾಲು ಲೀಟರ್ ಹಾಲಿನಲ್ಲಿ. ತಿಂಡಿಗೆ ಉಪ್ಪಿಟ್ಟು ಅಥವಾ ಅಕ್ಕಿರೊಟ್ಟಿಯ ಜೊತೆ ಎರಡು ಇಡೀ ಮೊಟ್ಟೆ. ಮಧ್ಯಾಹ್ನ ಮುದ್ದೆ, ಕಾಳಿನ ಸಾರು, ಒಂದು ಬಟ್ಟಲು ಮೊಸರು. ಸಂಜೆ ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ. ರಾತ್ರಿ ಅನ್ನ, ತರಕಾರಿ ಪಲ್ಯ, ವಾರದಲ್ಲಿ ನಾಲ್ಕು ದಿನ 120 ಗ್ರಾಂ ಕೋಳಿ, ಮೂರು ದಿನ ಪನೀರು ಮತ್ತು ಬೇಳೆ. ಸೋಯಾ ಚಂಕ್ಸ್‌ನಲ್ಲಿ ನೂರು ಗ್ರಾಮಿಗೆ 50 ಗ್ರಾಮಿನಷ್ಟು ಪ್ರೋಟೀನ್ ಇದ್ದು ಬೆಲೆಯೂ ಕಡಿಮೆಯಾದ್ದರಿಂದ ಬೇರೆಯವರಿಗೆ ಧಾರಾಳವಾಗಿ ಹೇಳುತ್ತೇನೆ. ಆಕ್ಸಲೇಟಿನ ಕಾರಣಕ್ಕೆ ಇವನಿಗೆ ಅದನ್ನೂ ಪಾಲಕ್ ಸೊಪ್ಪನ್ನೂ ಕೊಡಲಿಲ್ಲ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿಸಿದೆ. ಉಪ್ಪು ಹೆಚ್ಚಿದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ದಿನಕ್ಕೆ ಎರಡು ನಿಂಬೆಹಣ್ಣಿನ ರಸ ಸೇರಿಸಿ ಮೂರು ಲೀಟರಿಗೂ ಮೇಲ್ಪಟ್ಟು ನೀರು. ಬಾಳೆದಿಂಡಿನ ಪಲ್ಯವನ್ನು ತಾಯಿಯ ಸಮಾಧಾನಕ್ಕೆ ಉಳಿಸಿಕೊಂಡೆವು; ನಾರಿನ ಲೆಕ್ಕದಲ್ಲಿ ಅದು ಒಳ್ಳೆಯ ತರಕಾರಿಯೇ.

ಮೂರು ತಿಂಗಳ ನಂತರ 24 ಗಂಟೆಗಳ ಮೂತ್ರ 2.6 ಲೀಟರ್ ಬಂತು. ಕ್ಯಾಲ್ಸಿಯಂ 215, ಯೂರಿಕ್ ಆಮ್ಲ 610, ಸಿಟ್ರೇಟ್ 430. ರಕ್ತದ ಯೂರಿಯಾ 52ರಿಂದ 34ಕ್ಕೆ ಇಳಿದಿತ್ತು. ಆರು ತಿಂಗಳಿಗೆ ತೂಕ 75.8 ಕಿಲೋ, ಸೊಂಟದ ಅಳತೆ ಮೊದಲಿನಷ್ಟೇ, ಸ್ಕ್ವಾಟ್ 105 ಕಿಲೋ. ಪ್ರೋಟೀನನ್ನು ಅರ್ಧದಷ್ಟು ಇಳಿಸಿದ ಮೇಲೆ ಭಾರ ಏರಿದ್ದನ್ನು ಅವನ ತರಬೇತುದಾರರಿಗೆ ನಂಬಲು ಕಷ್ಟವಾಯಿತು. ಅವರು ನನಗೆ ಫೋನ್ ಮಾಡಿದರು. ಒಳ್ಳೆಯ ಮನಸ್ಸಿನವರು, ತಾವೂ ಯಾರಿಂದಲೋ ಕೇಳಿದ್ದನ್ನು ಹೇಳುತ್ತಿದ್ದರು ಅಷ್ಟೆ. ಆರೋಗ್ಯವಾಗಿರುವ, ಗಟ್ಟಿಯಾಗಿ ಭಾರ ಎತ್ತುವ ಹುಡುಗರಿಗೆ 1.6ರಿಂದ 2.0ರವರೆಗೆ ಹೇಳಿ, ಅದರಾಚೆಗೆ ಲಾಭ ತೋರಿಸಿದ ಗಟ್ಟಿ ಪುರಾವೆ ಇಲ್ಲ ಎಂದೆ. ಸಕ್ಕರೆ ಕಾಯಿಲೆ, ಬಿಪಿ, ಕಲ್ಲು, ಯೂರಿಕ್ ಆಮ್ಲದಿಂದ ಕೀಲು ನೋಯುವ ಗೌಟ್, ಒಂದೇ ಕಿಡ್ನಿ, ಇವುಗಳಲ್ಲಿ ಒಂದಿದ್ದರೂ ಅಂಕಿ ಹೇಳುವ ಮೊದಲು ವೈದ್ಯರ ಹತ್ತಿರ ಕಳಿಸಿ ಎಂದೂ ಕೇಳಿಕೊಂಡೆ.

ಎಡ ಕಿಡ್ನಿಯ ಕಲ್ಲು ಇನ್ನೂ ಅಲ್ಲೇ ಇದೆ. ಆರನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲೂ ಅದು 4 ಮಿಲಿಮೀಟರ್, ಬೆಳೆದಿಲ್ಲ. ಕ್ರಿಯಾಟಿನ್ ಮತ್ತೆ ಶುರು ಮಾಡಲೇ ಎಂದು ಹೋದ ಭೇಟಿಯಲ್ಲಿ ಕೇಳಿದ. ಮುಂದಿನ ಮೂತ್ರಪರೀಕ್ಷೆ ಬರುವವರೆಗೆ ಬೇಡ ಎಂದಿದ್ದೇನೆ. ಹೊರಡುವಾಗ ಅವನ ತಾಯಿ ಚೀಲದಿಂದ ಎರಡು ಲೀಟರಿನ ಸ್ಟೀಲ್ ಬಾಟಲಿ ತೆಗೆದು, ಮೇಜಿನ ಮೇಲಿಟ್ಟು, ಮುಚ್ಚಳ ತೆರೆದು ನನಗೆ ತೋರಿಸಿದರು. ಅದರಲ್ಲಿ ನಾಲ್ಕು ಬೆರಳಿನಷ್ಟು ನೀರು ಉಳಿದಿತ್ತು.